ಚೀಟಿಯಲ್ಲಿದ್ದ ಬೀದಿ

ಜೂನ್ ೯

ಹುಡುಗಿ,

ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಇದನ್ನು ಮಡಚಿಟ್ಟು ಮನೆಗೆ ಹೋಗಿ ಓದು. ಫೋನ್ ಮಾಡೋಣವೆಂದುಕೊಂಡೆ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀಯ, ಆಮೇಲೆ ತಿಂಗಳುಗಟ್ಟಲೆ ಇಬ್ಬರ ಬಾಯಿಗೂ ಬೀಗ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ. ನನ್ನ ಕೈಬರಹ ಐದನೇ ಕ್ಲಾಸಿನಲ್ಲಿ ಎಲ್ಲಿ ನಿಂತಿತೋ ಅಲ್ಲೇ ಇದೆ, ತಪ್ಪು ತಿದ್ದುತ್ತಾ ಕೂರಬೇಡ.

ವಿಷಯ ಇಷ್ಟು. ಊರಿನ ನೀರಿನ ಪೈಪುಗಳು ತುಕ್ಕು ಹಿಡಿದು ಹಾಳಾಗಿವೆ. ಹೊಸ ಪೈಪು ಬೇಕೆಂದು ನಾಲ್ಕು ಬೀದಿಯವರು ಕೇಳಿದ್ದಾರೆ, ಪುರಸಭೆಯ ಹಣಕ್ಕೆ ಈ ವರ್ಷ ಒಂದೇ ಬೀದಿ ಆಗುತ್ತದೆ. ನಾಲ್ಕೂ ಬೀದಿಯ ಸದಸ್ಯರು ಮೇಜು ಕುಟ್ಟಿ ಕುಟ್ಟಿ ನನ್ನ ಚಹಾ ಚೆಲ್ಲಿಸಿದರು. ಕಡೆಗೆ ನಮ್ಮ ಪದ್ಧತಿಯಂತೆ ಚೀಟಿ ಎತ್ತುವುದೆಂದಾಯಿತು. ಕಾರ್ಯದರ್ಶಿ ಬೀದಿಗಳ ಹೆಸರು ಬರೆದು ಮಡಚಿ ಗಾಜಿನ ಹೂಜಿಗೆ ಹಾಕುತ್ತಾನೆ. ಅಧ್ಯಕ್ಷೆಯಾದ ನಾನು ಒಂದನ್ನು ಎತ್ತಿ ಓದುತ್ತೇನೆ. ಉಳಿದವನ್ನು ಬಿಡಿಸದೆ ಹರಿದುಹಾಕುತ್ತಾರೆ. ನಾನು ಓದಿದ್ದೇ ತೀರ್ಮಾನ. ಇಷ್ಟು ವರ್ಷದಲ್ಲಿ ಚೀಟಿ ತೋರಿಸಿ ಎಂದು ಯಾರೂ ಕೇಳಿಲ್ಲ.

ಹೂಜಿಗೆ ಕೈ ಹಾಕುವ ಹೊತ್ತಿಗೆ ಮೇಷ್ಟ್ರು ಎದ್ದರು. ನಿನಗೆ ಪಾಠ ಮಾಡಿದ ಅದೇ ಮೇಷ್ಟ್ರು, ಈಗ ವಿರೋಧ ಪಕ್ಷದ ಬೆಂಚಿನಲ್ಲಿ ಕೂತು ನನಗೆ ಪಾಠ ಮಾಡುತ್ತಾರೆ. "ನೋಡ್ತಾ ಇರಿ, ಅಧ್ಯಕ್ಷರ ಕೈಗೆ ಕಣ್ಣಿದೆ, ಸೀದಾ ತಮ್ಮನ ಬೀದಿಗೇ ಹೋಗುತ್ತೆ" ಎಂದರು. ಎಲ್ಲರೂ ನಕ್ಕರು. ನನ್ನ ಕಡೆಯವರೂ ನಕ್ಕರು.

ಎತ್ತಿದೆ. ಬಿಡಿಸಿದೆ. ಮೆಟ್ಟಿಲ ಬೀದಿ ಎಂದಿತ್ತು. ನಿನ್ನ ಸೋದರಮಾವನ ಬೀದಿ.

ನಾನು ತಲೆಯೆತ್ತಿ "ಬೇಕರಿ ಬೀದಿ" ಎಂದು ಓದಿದೆ. ಚೀಟಿಯನ್ನು ಉಂಡೆ ಮಾಡಿ ಲೋಟದಲ್ಲಿ ಉಳಿದಿದ್ದ ಚಹಾದೊಳಗೆ ಬಿಟ್ಟೆ. ಮೇಷ್ಟ್ರ ಮುಖ ಹಿಂಡಿ ಒಣಗಹಾಕಿದ ಟವೆಲ್ಲಿನ ಹಾಗಾಯಿತು. ತಮ್ಮನ ಬೀದಿ ಎಂದು ಓದಿದ್ದರೆ ಅವರು ನಾಲ್ಕೂ ಚೀಟಿ ಬಿಡಿಸಿ, ಮೂಸಿ, ಪತ್ರಿಕೆಯವನಿಗೂ ಮೂಸಿಸುತ್ತಿದ್ದರು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ನೇರ ಈ ಕುರ್ಚಿಗೆ ಬಂದವಳು ನಾನು. ಓದಿಲ್ಲ, ನಯವಾಗಿ ಮಾತಾಡಲು ಬರುವುದಿಲ್ಲ. ನನ್ನ ಹತ್ತಿರ ಇರುವುದು ಒಂದೇ ಮಾತು: ಊರಿನವರು ಮೊದಲು, ನಮ್ಮವರು ಕಡೆಗೆ. ಅದನ್ನು ನಂಬಿಯೇ ಜನ ನಾಲ್ಕು ಸಲ ಓಟು ಹಾಕಿದ್ದಾರೆ. ಗ್ರಂಥಾಲಯದ ಕೆಲಸದ ಪರೀಕ್ಷೆಯಲ್ಲಿ ನೀನು ಮೊದಲು ಬಂದಾಗ ನಿನ್ನ ಹೆಸರು ಹೊಡೆದುಹಾಕಿ ಎರಡನೆಯವನಿಗೆ ಕೊಟ್ಟದ್ದೂ ಅದಕ್ಕೇ. ನೀನು ಮುನಿಸಿಕೊಂಡು ಊರು ಬಿಟ್ಟೆ. ಬಿಡು, ಅದು ಹಳೇ ಮಾತು.

ಚೀಟಿಯ ವಿಷಯ ಯಾರಿಗೂ ಹೇಳಬೇಡ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ, ಅದಕ್ಕೆ ನಿನಗೆ ಬರೆದೆ.

ನಿನ್ನ ಅಮ್ಮ

*

ಜೂನ್ ೨೪

ಅಮ್ಮನಿಗೆ,

ಕಾಗದವನ್ನು ಅಂಗಡಿಯಲ್ಲೇ ಓದಿದೆ. ಕನ್ನಡಕ ಮಾಡಿಸಲು ಬಂದ ಹೆಂಗಸು "ಯಾರಾದರೂ ಹೋಗಿಬಿಟ್ಟರಾ" ಎಂದು ಕೇಳಿದಳು. ಇಲ್ಲ, ನಮ್ಮಮ್ಮ ಒಂದು ಸಾಹಸ ಮಾಡಿದ್ದಾರೆ ಎಂದೆ.

ಒಂದೇ ಪ್ರಶ್ನೆ. ಮೆಟ್ಟಿಲ ಬೀದಿಯಲ್ಲಿ ಮಾವ ಒಬ್ಬರೇ ಇರುವುದಾ? ಅಂಚೆಯವರ ಮನೆ ಇದೆ. ಹಾಸಿಗೆ ಹಿಡಿದ ಬಣ್ಣ ಬಳಿಯುವವನು ಇದ್ದಾನೆ. ಆ ಅವಳಿ ಮಕ್ಕಳ ತಾಯಿ ಇದ್ದಾಳೆ. ಅಷ್ಟು ಮನೆಯವರೂ ಕೆಳಗಿನ ನಲ್ಲಿಯಿಂದ ಮೆಟ್ಟಿಲು ಹತ್ತಿ ನೀರು ಹೊರುತ್ತಾರೆ. ಅವರೆಲ್ಲ ನಿನ್ನ "ನಮ್ಮವರು" ಯಾವಾಗಿನಿಂದ ಆದರು? ನಿನ್ನ ತಮ್ಮ ಅಲ್ಲಿ ಬಾಡಿಗೆಗೆ ಇರುವುದೇ ಅವರ ತಪ್ಪಾ?

ಅವರಿಗೆ ಬಂದದ್ದನ್ನು ನೀನು ಕಿತ್ತುಕೊಂಡೆ ಅಮ್ಮ. ಮೇಷ್ಟ್ರು ನಕ್ಕರು ಎಂದು.

ಪೈಪು ಹಾಕಲು ಇನ್ನೂ ಅಗೆದಿರುವುದಿಲ್ಲ. ಈಗಲೇ ಹೇಳಿಬಿಡು. ಮೊದಲು ಮಾವನಿಗೆ ಹೇಳು.

ನನ್ನ ವಿಷಯ ಹಳೇ ಮಾತು ಎಂದು ಬರೆದಿದ್ದೀಯ. ಹಳೇ ಮಾತು ಹೌದೋ ಅಲ್ಲವೋ ಎಂದು ನಾನು ಹೇಳಬೇಕು.

ಮಗಳು

*

ಜುಲೈ ೩೦

ಹುಡುಗಿ,

ನಿನ್ನ ಕಾಗದ ಓದಿ ಮೈ ಉರಿದುಹೋಯಿತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಕಿತ್ತುಕೊಂಡೆ ಎಂದು ಬರೆಯುತ್ತೀಯಲ್ಲ, ನಾನು ಯಾರದನ್ನು ಕಿತ್ತುಕೊಂಡವಳು? ಬಟ್ಟೆ ಕೋಣೆಯಲ್ಲಿ ಕುದಿಯುವ ನೀರಿಗೆ ಕೈಗವಸು ಕೊಡಿಸಲು ಆಸ್ಪತ್ರೆಯ ದೊಡ್ಡವರ ಮುಂದೆ ನಿಂತು ಬೈಗುಳ ತಿಂದವಳು ನಾನು. ಅವತ್ತು ಹಿಂದೆ ನಿಂತ ಹೆಂಗಸರೇ ನನ್ನನ್ನು ಮೊದಲ ಚುನಾವಣೆಗೆ ನಿಲ್ಲಿಸಿದ್ದು. ಎಲ್ಲರನ್ನೂ ಒಂದೇ ಸಮ ಒತ್ತುತ್ತೇನೆ ಎಂದು ಊರು ನನ್ನನ್ನು ಇಸ್ತ್ರಿಯಮ್ಮ ಎನ್ನುತ್ತದೆ. ನಿನಗೆ ಮಾತ್ರ ನಾನು ಕಳ್ಳಿ.

ಬೇಕರಿ ಬೀದಿ ಅಗೆದಾಯಿತು. ಈಗ ಹೇಳಿದರೆ ಆ ಮಣ್ಣನ್ನು ವಾಪಸ್ ಯಾರು ಮುಚ್ಚುತ್ತಾರೆ? ಅವರಿಗೂ ನೀರು ಬೇಕಿತ್ತು. ಅವರೇನು ಸಾಹುಕಾರರಲ್ಲ.

ನಿನ್ನ ಮಾತಿಗಾಗಿ ಅಲ್ಲ, ನನ್ನ ಪಾಡಿಗೆ ನಾನು ಮೊನ್ನೆ ತಮ್ಮನ ಮನೆಗೆ ಹೋಗಿದ್ದೆ. ಬೀದಿಯ ಬುಡದಲ್ಲಿ ಅವನ ಹೊಲಿಗೆ ಅಂಗಡಿ ಇದೆಯಲ್ಲ, ಅಲ್ಲಿ ಅಂಚೆಯವನ ಹೆಂಡತಿ ನಿಂತು ಜೋರು ಮಾಡುತ್ತಿದ್ದಳು. ನಾನು ಬಾಗಿಲ ಪಕ್ಕ ನಿಂತದ್ದು ಇಬ್ಬರಿಗೂ ಕಾಣಿಸಲಿಲ್ಲ.

"ಅಧ್ಯಕ್ಷರನ್ನ ಅಕ್ಕ ಅಂತ ಇಟ್ಕೊಂಡು ಏನು ಬಂತು ನಿಮಗೆ? ನಮ್ಮ ಸೊಂಟ ಬಿದ್ದುಹೋಯ್ತು."

ತಮ್ಮ ಹೊಲಿಗೆ ಯಂತ್ರ ನಿಲ್ಲಿಸಲೇ ಇಲ್ಲ. "ಕೈಗೆ ಬಂದದ್ದನ್ನ ಓದಿದ್ಲು ಅಕ್ಕ. ಬೇರೆ ಓದ್ಬೇಕಿತ್ತು ಅಂತೀರಾ? ಅವಳಿಗೆ ಸುಳ್ಳು ಹೇಳೋಕೆ ಬಂದಿದ್ರೆ ಯಾವತ್ತೋ ಮಂತ್ರಿ ಆಗ್ತಿದ್ಲು, ನಾನು ಇಲ್ಲಿ ಕೂತು ನಿಮ್ಮ ಯಜಮಾನರ ಪ್ಯಾಂಟಿಗೆ ತೇಪೆ ಹಾಕ್ತಿರ್ಲಿಲ್ಲ."

ಅವಳು ನಕ್ಕುಬಿಟ್ಟಳು. ನಾನು ಒಳಗೆ ಹೋಗದೆ ಹಿಂದೆ ತಿರುಗಿದೆ.

ಬೇಕರಿಯವನು ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬಿಸಿ ಬ್ರೆಡ್ ಕಳಿಸುತ್ತಾನೆ. ವಾಪಸ್ ಕಳಿಸುತ್ತೇನೆ. ಮುಂಚೆಯೂ ಕಳಿಸುತ್ತಿದ್ದೆ, ಆಗ ಅದು ಶಿಸ್ತು. ಈಗ ಆ ವಾಸನೆಯೇ ಸೇರುವುದಿಲ್ಲ.

ನೀನು ಹೇಳಿದ್ದು ಸರಿ ಎಂದು ನಾನು ಒಪ್ಪಿದೆ ಎಂದುಕೊಳ್ಳಬೇಡ.

ಅಮ್ಮ

*

ಸೆಪ್ಟೆಂಬರ್ ೧೮

ಹುಡುಗಿ,

ನೀನು ಉತ್ತರ ಬರೆಯಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಬರೆಯದಿದ್ದರೂ ಪರವಾಗಿಲ್ಲ, ಇದನ್ನು ಓದು.

ತಮ್ಮನ ಹೆಂಡತಿ, ನಿನ್ನ ಅತ್ತೆ, ಮೆಟ್ಟಿಲ ಮೇಲೆ ಬಿದ್ದಳು. ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಹತ್ತುತ್ತಿದ್ದಳು. ಮುಂದೆ ಹೋದವರ ಬಿಂದಿಗೆ ತುಳುಕಿ ಕಲ್ಲು ಒದ್ದೆಯಾಗಿತ್ತಂತೆ. ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಗಿ ಒಳಗೆ ಕಂಬಿ ಹಾಕಿದ್ದಾರೆ. ನಡೆಯುತ್ತಾಳೆ, ಆದರೆ ಮೊದಲಿನ ಹಾಗಲ್ಲ, ಮೆಟ್ಟಿಲು ಮರೆತುಬಿಡಿ ಎಂದರು ಡಾಕ್ಟರು. ಮೆಟ್ಟಿಲ ಬೀದಿಯಲ್ಲಿ ಇರುವವಳಿಗೆ ಮೆಟ್ಟಿಲು ಮರೆತುಬಿಡಿ ಎಂದರೆ, ಇನ್ನು ಮನೆಯಿಂದ ಇಳಿಯುವುದೇ ಇಲ್ಲ ಎಂದು ಅರ್ಥ.

ಆಸ್ಪತ್ರೆಯಲ್ಲಿ ಎಲ್ಲರಿಗೂ ನನ್ನ ಗುರುತು. ನಾನು ಹೋದ ಕೂಡಲೇ ನರ್ಸು ಓಡಿಬಂದು ಒಳ್ಳೆಯ ಕೋಣೆ ಕೊಡುತ್ತೇವೆ ಎಂದಳು. ಬೇಡ, ಎಲ್ಲರ ಹಾಗೆ ಸಾಮಾನ್ಯ ವಾರ್ಡಿನಲ್ಲೇ ಇರಲಿ ಎಂದೆ. ಮಾತು ಬಾಯಿಂದ ತಾನಾಗಿ ಬಂತು. ಅಭ್ಯಾಸ. ಆಮೇಲೆ ಅವಳು ಮಲಗಿದ್ದ ಹಾಸಿಗೆಯ ಕಡೆ ನೋಡಿದೆ. ಪಕ್ಕದ ಮಂಚದವರು ಗಟ್ಟಿಯಾಗಿ ನರಳುತ್ತಿದ್ದರು, ಅವಳು ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿದ್ದಳು. ಹೋಗಿ ಆ ನರ್ಸನ್ನು ವಾಪಸ್ ಕರೆಯಲು ಕಾಲು ಬರಲಿಲ್ಲ.

ಮೈಮೇಲಿದ್ದ ಹೊದಿಕೆಯ ಅಂಚು ನೋಡಿದೆ. ನಾನು ಒಗೆಯುತ್ತಿದ್ದ ಕಾಲದ ಹಾಗೆಯೇ ನೀಲಿ ದಾರದ ಗುರುತು. ಅದನ್ನೇ ನೋಡುತ್ತಾ ಕೂತಿದ್ದೆ, ಅವಳ ಮುಖ ನೋಡಲಾಗದೆ.

ಪೈಪು ಬಂದಿದ್ದರೆ ಅವಳು ಅವತ್ತು ಮನೆಯೊಳಗಿನ ನಲ್ಲಿ ತಿರುಗಿಸುತ್ತಿದ್ದಳು.

ದಿನಾ ಹೋಗುತ್ತೇನೆ. ಹೇಳಬೇಕೆಂದು ಹೋಗುತ್ತೇನೆ. ತಮ್ಮ "ಬಾ ಅಕ್ಕ" ಎಂದು ಕುರ್ಚಿ ಎಳೆಯುತ್ತಾನೆ, ಅಲ್ಲಿಗೆ ಮುಗಿಯಿತು.

ಅಮ್ಮ

*

ಸೆಪ್ಟೆಂಬರ್ ೨೭

ಪ್ರೀತಿಯ ಸೊಸೆಗೆ,

ನಿನ್ನ ಮಾವ ಬರೆಯುವುದು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಬಿಟ್ಟರೆ ಪೆನ್ನು ಹಿಡಿಯುವವನಲ್ಲ, ನೀನೇ ಸುಧಾರಿಸಿಕೋ.

ಅತ್ತೆಯನ್ನು ಮನೆಗೆ ಕರೆತಂದೆವು. ಬೀದಿಯ ಹುಡುಗರು ಕುರ್ಚಿಯಲ್ಲಿ ಕೂರಿಸಿ ಹೊತ್ತು ಹತ್ತಿಸಿದರು. "ಮದುವೆಯಾಗಿ ಬಂದಾಗಲೂ ಯಾರೂ ಹೀಗೆ ಹೊತ್ತುಕೊಂಡು ಬಂದಿರಲಿಲ್ಲ" ಎಂದು ನನ್ನನ್ನು ಚುಚ್ಚಿದಳು. ನಾಲಿಗೆಗೆ ಏನೂ ಆಗಿಲ್ಲ, ಭಯ ಬೇಡ.

ಬರೆಯುತ್ತಿರುವುದು ಅಕ್ಕನ ಬಗ್ಗೆ. ಸಭೆ ಇಲ್ಲದ ದಿನ ಬೆಳಿಗ್ಗೆಯೇ ಬಂದು ಕೂರುತ್ತಾಳೆ. ಒಗೆದ ಬಟ್ಟೆ ಕಂಡರೆ ಮಡಚುತ್ತಾಳೆ, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಾಳೆ. ಯಾರನ್ನೂ ಬೈಯುತ್ತಿಲ್ಲ. ಮೊನ್ನೆ ಚಹಾ ತಣ್ಣಗಾಗಿತ್ತು, ಅದಕ್ಕೂ ಬೈಯಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ನಮ್ಮ ಬೀದಿಗೆ ಚೀಟಿ ಬರಲಿಲ್ಲವೆಂದು ಕೊರಗುತ್ತಿದ್ದಾಳೆ ಎಂದು ಕಾಣುತ್ತದೆ. ಅದು ಅವಳ ಕೈಯಲ್ಲಿ ಇತ್ತೇ? ನಾನು ಹೇಳಿದರೆ ಕೇಳುವುದಿಲ್ಲ. ನೀನು ಬರೆ. ನಿಮ್ಮಿಬ್ಬರ ನಡುವೆ ಏನಿದೆಯೋ ಇರಲಿ, ಅಕ್ಕನ ತಪ್ಪಿಲ್ಲ ಎಂದು ಒಂದು ಸಾಲು ಬರೆ. ನಿನ್ನ ಮಾತು ಅವಳಿಗೆ ನಾಟುತ್ತದೆ.

ನಿನ್ನ ಮಾವ

*

ಅಕ್ಟೋಬರ್ ೫

ಅಮ್ಮನಿಗೆ,

ಮಾವ ನನಗೆ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಕೂತು ಓದು.

ಇದಕ್ಕೆ ನಾನು ಏನು ಉತ್ತರ ಬರೆಯಲಿ? ಅವರು ಕೇಳಿದ ಒಂದು ಸಾಲನ್ನು ಬರೆಯಲು ಕೂತೆ, ಆಗಲಿಲ್ಲ. ನೀನು ಗುಟ್ಟನ್ನು ನನಗೆ ಕೊಟ್ಟು ಕೈ ತೊಳೆದುಕೊಂಡೆ. ಅತ್ತೆ ಬೀಳುವವರೆಗೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮಾವನಿಗೆ ನಾನೇ ಬರೆಯಬಹುದಿತ್ತು. ಬರೆಯಲಿಲ್ಲ. ಈಗ ಇದರಲ್ಲಿ ನನ್ನ ಪಾಲೂ ಇದೆ. ಈ ಒಂದು ವಿಷಯದಲ್ಲಿ ಮಾತ್ರ ನೀನು ನನ್ನನ್ನು ನಿನ್ನವಳು ಎಂದು ಸೇರಿಸಿಕೊಂಡೆ.

ನೀನು ಹೇಳು. ಇಲ್ಲದಿದ್ದರೆ ನಾನು ಬಂದು ಹೇಳುತ್ತೇನೆ.

ಮಗಳು

*

ನವೆಂಬರ್ ೨

ಹುಡುಗಿ,

ಹೇಳಿದೆ. ನೀನು ಬರುವ ತೊಂದರೆ ತೆಗೆದುಕೊಳ್ಳಬೇಡ. ಬಂದರೆ ಬೇಡ ಎನ್ನುವುದಿಲ್ಲ.

ತಮ್ಮನ ಮನೆಗೆ ಹೋಗಿ ಹೇಳಬೇಕಿತ್ತು. ನೀನೂ ಹಾಗೇ ಬರೆದಿದ್ದೆ. ಹೊಸ್ತಿಲವರೆಗೆ ಹೋದೆ, ಒಳಗೆ ನಿನ್ನ ಅತ್ತೆ ಕೋಲು ಹಿಡಿದು ಗೋಡೆ ಸವರಿಕೊಂಡು ನಡೆಯುವುದನ್ನು ಕಲಿಯುತ್ತಿದ್ದಳು. ತಮ್ಮ ಹಿಂದೆ ಹಿಂದೆಯೇ ಕೈ ಚಾಚಿಕೊಂಡು, ಮುಟ್ಟದೆ ನಡೆಯುತ್ತಿದ್ದ. ನೋಡಿ ವಾಪಸ್ ಬಂದೆ. ಪುರಸಭೆಯ ಸಭೆಯಲ್ಲಿ ಹೇಳುತ್ತೇನೆ ಎಂದುಕೊಂಡೆ. ಅಲ್ಲಾದರೆ ನನಗೆ ಬಾಯಿ ಬರುತ್ತದೆ. "ನಾಳೆ ಸಭೆಗೆ ಬಂದು ಕೂತಿರು, ಕೆಲಸವಿದೆ" ಎಂದು ತಮ್ಮನಿಗೆ ಹೇಳಿಕಳಿಸಿದೆ. ಒಗೆದ ಶರ್ಟು ಹಾಕಿಕೊಂಡು ಬಂದು, ಜನ ಕೂರುವ ಹಿಂದಿನ ಬೆಂಚಿನಲ್ಲಿ ಕೂತ. ಬೀದಿಗೆ ನೀರಿನ ವಿಷಯ ಏನೋ ಒಳ್ಳೆಯದಾಗುತ್ತದೆ ಎಂದುಕೊಂಡು ಬಂದಿದ್ದ ಪಾಪ.

ಎದ್ದು ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಚೀಟಿಯಲ್ಲಿ ಮೆಟ್ಟಿಲ ಬೀದಿ ಇತ್ತು, ನಾನು ಬೇಕರಿ ಬೀದಿ ಎಂದು ಓದಿದೆ, ಸುಳ್ಳು ಓದಿದೆ, ನನ್ನನ್ನು ಈ ಕುರ್ಚಿಯಿಂದ ಇಳಿಸಿ ಎಂದೆ.

ಬೈಯುತ್ತಾರೆ ಎಂದು ಕಾದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಮೇಷ್ಟ್ರು ನಿಧಾನಕ್ಕೆ ಎದ್ದರು. ಕಣ್ಣು ಒರೆಸಿಕೊಂಡರು.

"ನಾನು ಈ ತಾಯಿ ಮೇಲೆ ಅನುಮಾನ ಪಟ್ಟೆ" ಎಂದರು. "ತನ್ನವರಿಗೋಸ್ಕರ ಸುಳ್ಳು ಹೇಳೋರನ್ನ ಊರು ತುಂಬಾ ನೋಡಿದ್ದೀನಿ. ತನ್ನವರಿಗೆ ಬರೋದನ್ನ ಬಿಟ್ಟುಕೊಡೋಕೆ ಸುಳ್ಳು ಹೇಳಿದವರನ್ನ ಇವತ್ತು ನೋಡಿದೆ."

ಅಷ್ಟೇ. ಒಬ್ಬ ಮೇಜು ತಟ್ಟಿದ, ಎಲ್ಲರೂ ತಟ್ಟಿದರು. ಎರಡೂ ಕಡೆಯವರು. ಬೇಕರಿ ಬೀದಿಯ ಸದಸ್ಯನಂತೂ ಎದ್ದು ನಿಂತು ಚಪ್ಪಾಳೆ ಹೊಡೆದ. ನಿಲ್ಲಿಸಿ ಎಂದು ಕೂಗಿದೆ, ದೊಡ್ಡತನ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು. ಆ ಗದ್ದಲದಲ್ಲಿ ಹಿಂದಿನ ಬೆಂಚಿನ ಕಡೆ ನೋಡಿದೆ. ತಮ್ಮ ತನ್ನ ಟೋಪಿ ತೆಗೆದುಕೊಂಡು, ಯಾರ ಕಾಲೂ ತುಳಿಯದ ಹಾಗೆ ಪಕ್ಕಕ್ಕೆ ಸರಿದು ಸರಿದು ಹೊರಗೆ ಹೋದ.

ರಾಜೀನಾಮೆ ಎಂದೆ. ಉಪಾಧ್ಯಕ್ಷ ನಕ್ಕು ನನ್ನ ಕೈ ಹಿಡಿದು ಕೂರಿಸಿದ. ಹಾಗಾದರೆ ಮುಂದಿನ ವರ್ಷ ಮೆಟ್ಟಿಲ ಬೀದಿಗೆ ಮೊದಲು ಕೊಡಿ ಎಂದೆ. ಅದಾಗುವುದಿಲ್ಲ, ಉಳಿದ ಮೂರು ಬೀದಿಗೂ ಮತ್ತೆ ಚೀಟಿ ಎತ್ತಬೇಕು, ಅಧ್ಯಕ್ಷರ ತಮ್ಮನ ಬೀದಿಗೆ ಹಾಗೇ ಕೊಟ್ಟರೆ ಅಧ್ಯಕ್ಷರ ಹೆಸರೇ ಕೆಡುತ್ತದೆ ಎಂದರು ಮೇಷ್ಟ್ರು. ನನ್ನ ಮಾತನ್ನೇ ನನಗೆ ಹೇಳಿದರು. ಎಲ್ಲರೂ ಹೌದು ಹೌದು ಎಂದರು. ಚೀಟಿ ಎತ್ತುವವಳು ನಾನಲ್ಲ ಎಂದೆ. ಅದೊಂದನ್ನು ಮಾತ್ರ ಒಪ್ಪಿದರು. ನಾನು ಎದ್ದು ಬಂದೆ. ನನ್ನ ರಾಜೀನಾಮೆಯನ್ನು ಅವರು ತೆಗೆದುಕೊಳ್ಳದಿದ್ದರೆ ಬಿಡಲಿ, ಆ ಕೋಣೆಗೆ ನಾನು ಇನ್ನು ಹೋಗುವುದಿಲ್ಲ.

ಅಲ್ಲಿಂದ ಮೆಟ್ಟಿಲ ಬೀದಿಗೆ ಹೋದೆ. ತಮ್ಮ ಅಂಗಡಿಯಲ್ಲೇ ಇದ್ದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ, ಬಟ್ಟೆ ಇರಲಿಲ್ಲ.

"ಮನೆಗೆ ಬಂದು ಹೇಳೋಕೆ ಆಗ್ಲಿಲ್ವಾ ಅಕ್ಕ?" ಎಂದ. "ದಿನಾ ಬಂದು ಕೂತ್ಕೊತಿದ್ದೆ. ನಾನು ಚಹಾ ಮಾಡಿ ಕೊಡ್ತಿದ್ದೆ."

"ಧೈರ್ಯ ಬರ್ಲಿಲ್ಲ ಕಣೋ."

"ಅಷ್ಟು ಜನರ ಮುಂದೆ ಬಂತು."

ಅವನು ಕೂಗಲಿಲ್ಲ. ಕೂಗುವುದು ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು. ತಲೆ ತಗ್ಗಿಸಿಕೊಂಡೇ ಹೇಳಿದ: "ನಿನ್ನ ಪರವಾಗಿ ನಾನು ಈ ಬೀದಿಯವರ ಹತ್ರ ಎಷ್ಟು ಜಗಳ ಆಡಿದೀನಿ ಗೊತ್ತಾ? ಈಗ ಅವರೆಲ್ಲರ ಮುಂದೆ ಹೇಗೆ ಓಡಾಡಲಿ? ಮೇಲೆ ಹೋಗು. ಅವಳಿಗೂ ನೀನೇ ಹೇಳು. ನಾನು ಬರಲ್ಲ."

ಹತ್ತಿದೆ. ಅಂಚೆಯವನ ಹೆಂಡತಿ ನೀರು ಹೊತ್ತು ಹತ್ತುತ್ತಾ ಸಿಕ್ಕಳು. ಸುದ್ದಿ ನನಗಿಂತ ಮೊದಲೇ ಬೀದಿ ಹತ್ತಿತ್ತು. ಒಂದು ಕ್ಯಾನು ಕೊಡು ಎಂದು ಕೈ ಚಾಚಿದೆ. ಅವಳು ಆ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನನ್ನನ್ನು ದಾಟಿ ಹೋದಳು.

ನಿನ್ನ ಅತ್ತೆ ಕಿಟಕಿಯ ಪಕ್ಕ ಕೂತಿದ್ದಳು. ಎಲ್ಲ ಹೇಳಿದೆ. ಇಲ್ಲಿ ನನ್ನ ಬಾಯಿ ಬರಲಿಲ್ಲ, ಒಂದೊಂದು ಪದಕ್ಕೂ ತಡವರಿಸಿದೆ. ಮೇಷ್ಟ್ರು ನಕ್ಕದ್ದನ್ನು ಹೇಳಹೋಗಿ ಅರ್ಧಕ್ಕೇ ಬಿಟ್ಟೆ, ಅದನ್ನು ಹೇಳಲು ನನಗೇ ನಾಚಿಕೆಯಾಯಿತು. ಅವಳು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು.

ಆಮೇಲೆ ಅಂದಳು: "ಅತ್ತಿಗೆ, ಒಂದು ಕೇಳ್ತೀನಿ, ನಿಜ ಹೇಳಿ. ಚೀಟಿ ಬಿಡಿಸಿದಾಗ ನಮ್ಮ ಬೀದಿ ಹೆಸರು ಕಾಣಿಸ್ತಲ್ಲ. ಆಗ ನಿಮಗೆ ಖುಷಿ ಆಯ್ತಾ? ಒಂದು ಚೂರಾದ್ರೂ?"

ಅವಳು ಬೈದಿದ್ದರೆ ಎದುರಿಸುತ್ತಿದ್ದೆ. ಖುಷಿ ಆಯಿತು ಎಂದುಬಿಡಬಹುದಿತ್ತು. ಅವಳಿಗೂ ಅಷ್ಟೇ ಬೇಕಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಇಲ್ಲ" ಎಂದೆ. "ಭಯ ಆಯ್ತು."

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಿಕೊಳ್ಳಲಿಲ್ಲ. "ಸರಿ ಅತ್ತಿಗೆ, ಹೊತ್ತಾಯ್ತು, ನಿಧಾನವಾಗಿ ಇಳೀರಿ, ಮೆಟ್ಟಿಲು ಒದ್ದೆ ಇರುತ್ತೆ" ಎಂದು ಕಿಟಕಿಯ ಕಡೆ ತಿರುಗಿದಳು.

ಮನೆಗೆ ಬಂದಾಗಿನಿಂದ ನಿನ್ನದೇ ಯೋಚನೆ. ಗ್ರಂಥಾಲಯದ ಪರೀಕ್ಷೆಯ ಫಲಿತಾಂಶ ನನ್ನ ಮೇಜಿಗೆ ಬಂದ ದಿನ, ಎಲ್ಲರಿಗಿಂತ ಮೇಲೆ ನನ್ನ ಮಗಳ ಹೆಸರು. ಅದನ್ನು ಓದಿದ್ದು ನೆನಪಿದೆ, ಪೆನ್ನು ಕೇಳಿದ್ದು ನೆನಪಿದೆ, ಹೊಡೆದು ಹಾಕಿದ್ದು ನೆನಪಿದೆ. ಈ ಮೂರರ ನಡುವೆ ಎಲ್ಲಾದರೂ ಒಂದು ಕ್ಷಣ ನನಗೆ ಸಂತೋಷವಾಯಿತೇ ಎಂದು ಹುಡುಕುತ್ತಿದ್ದೇನೆ. ಆಗಿದ್ದರೆ ಬರೆಯುತ್ತಿದ್ದೆ. ಇನ್ನೂ ಸಿಕ್ಕಿಲ್ಲ, ಹುಡುಗಿ.

ಅಮ್ಮ